ಮಗು ನೋಡಿಕೊಳ್ಳುವವರು ಸ್ವಂತ ಬಾಗಿಲು ತೆರೆಯುವಾಗ

ಕೇರಳದ ಗಡಿನಾಡು ಕಾಸರಗೋಡಿನಲ್ಲಿ, ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರವೊಂದರಲ್ಲಿ ಕೂತು ಬೇರೆಯವರ ಅರ್ಜಿ ತುಂಬುವುದು ನನ್ನ ಕೆಲಸ. ಆಧಾರ್, ರೇಷನ್ ಕಾರ್ಡು, ಪಿಂಚಣಿ, ಸ್ಕಾಲರ್‌ಶಿಪ್ಪು, ಕರೆಂಟ್ ಬಿಲ್ಲು ಎಲ್ಲವೂ ನಮ್ಮ ಕೌಂಟರ್ ದಾಟಿಯೇ ಹೋಗಬೇಕು. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯವರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುವ ಫಾರಂ ಹಿಡಿದುಕೊಂಡು ಬರುತ್ತಾರೆ. ನಾವು ಕನ್ನಡದಲ್ಲಿ ಕೇಳಿ ಕೇಳಿ ತುಂಬುತ್ತೇವೆ. ಫಾರಂನಲ್ಲಿ ಬರೆಯುವ ಉತ್ತರ ಒಂದು, ಬರೆಸುವವರು ಬಾಯಿಬಿಟ್ಟು ಹೇಳುವ ಉತ್ತರ ಇನ್ನೊಂದು. ನಮಗೆ ಎರಡೂ ಕೇಳಿಸುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಹೆಂಗಸರು ಬರುವುದು ಜಾಸ್ತಿಯಾಗಿದೆ. ಇಂಗ್ಲಿಷ್ ಮೀಡಿಯಂ ನರ್ಸರಿಯಲ್ಲಿ ಆಯಾ ಆಗಿದ್ದವರು, ಎಲ್‌ಕೆಜಿ ಟೀಚರ್ ಆಗಿದ್ದವರು, ಮಂಗಳೂರಿನ ಫ್ಲ್ಯಾಟುಗಳಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಬೆಳಗಿನ ರೈಲು ಹಿಡಿಯುತ್ತಿದ್ದವರು. ಇದ್ದ ಕೆಲಸ ಬಿಟ್ಟು, ಅದೇ ಕೆಲಸವನ್ನು ತಮ್ಮ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಶುರುಮಾಡಬೇಕು ಅಂತ ಬರುತ್ತಾರೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆಗಬೇಕು, ಪಂಚಾಯತಿನ ಲೈಸೆನ್ಸ್ ಬೇಕು, ಸಾಲ ಸಿಗುತ್ತದೋ ನೋಡಬೇಕು. ಮಕ್ಕಳ ಹಿಂದೆ ಓಡಿ ಸುಸ್ತಾಗಿ ಕೆಲಸ ಬಿಟ್ಟವರು ಮತ್ತೆ ಮಕ್ಕಳನ್ನೇ ಯಾಕೆ ಹಿಡಿಯುತ್ತಾರೆ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ಕಾಲದಿಂದ ಇದೆ. ಹೊಲಿಗೆ ಇದೆ, ಹಪ್ಪಳ ಇದೆ, ಕೇಕ್ ಮಾಡಿ ಮಾರುವುದಿದೆ. ಅದ್ಯಾವುದೂ ಅಲ್ಲ, ಮಕ್ಕಳೇ ಬೇಕು.

ಸಂಬಳ ಸಾಲದು, ಅದಕ್ಕೆ ಅಂತ ಹೊರಗಿನವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಸಾಲದು ಎನ್ನುವುದು ನಿಜ. ಮಗು ನೋಡಿಕೊಳ್ಳುವ ಕೆಲಸಕ್ಕೆ ಸರ್ಕಾರವೇ ಕಟ್ಟಿದ ಬೆಲೆ ನೋಡಿದರೆ ಸಾಕು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾಯಿತು, ಸರ್ಕಾರದ ಅಂಗನವಾಡಿಗಳು ಬಂದದ್ದು ಹಾಗೆ. ಐವತ್ತು ವರ್ಷ ಕಳೆದರೂ ಅಲ್ಲಿ ದುಡಿಯುವವರು ಸರ್ಕಾರಿ ನೌಕರರಲ್ಲ. ಅವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದು ಕರ್ನಾಟಕದಿಂದ ಹೋದ ಕೇಸು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂಬ ತೀರ್ಪಿಗೆ 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಹೆಲ್ಪರ್‌ಗೆ 2,250 ಎಂದು 2018ರಲ್ಲಿ ನಿಗದಿಯಾಯಿತು. ಕೇರಳ ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಆ ಪಾಲೇ ದೊಡ್ಡದು. ಹಾಗಿದ್ದೂ 2025ರ ಮಾರ್ಚ್‌ನಲ್ಲಿ ಅಂಗನವಾಡಿಯವರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಧರಣಿ ಕೂತರು. ಕಾಸರಗೋಡಿನಿಂದ ಅಲ್ಲಿಗೆ ಹೋಗುವುದೆಂದರೆ ಹೆಚ್ಚುಕಮ್ಮಿ ಇಡೀ ಕೇರಳವನ್ನೇ ದಾಟಬೇಕು.

ಖಾಸಗಿ ನರ್ಸರಿಗಳಲ್ಲಿ ಅಷ್ಟೂ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಆಯಾಗಳಿಗೆ ಸಂಬಳವೇ ಕೊಡದ ಕಡೆಗಳಿವೆ.

ಆದರೆ ದುಡ್ಡೇ ಮುಖ್ಯ ಆಗಿದ್ದರೆ ಇವರು ಬೇರೆ ಕಡೆ ನೋಡುತ್ತಿದ್ದರು. ಜವಳಿ ಅಂಗಡಿಯ ಕೌಂಟರಿನಲ್ಲಿ ನಿಂತರೆ ಆಯಾ ಕೆಲಸಕ್ಕಿಂತ ಜಾಸ್ತಿ ಸಿಗುತ್ತದೆ. ಅಲ್ಲಿ ಯಾರ ಮೂಗೂ ಒರೆಸಬೇಕಾಗಿಲ್ಲ. ಇಷ್ಟು ಜನರ ಮಾತು ಕೇಳಿದ ಮೇಲೆ ನನಗೆ ಅನಿಸಿದ್ದು ಬೇರೆ. ಮಗುವಿನ ಇಡೀ ದಿನ ಇವರ ಕೈಯಲ್ಲಿ ಇರುತ್ತದೆ, ಆ ದಿನ ಹೇಗೆ ಸಾಗಬೇಕು ಅಂತ ಹೇಳುವ ಹಕ್ಕು ಮಾತ್ರ ಇನ್ನೊಬ್ಬರ ಕೈಯಲ್ಲಿ. ಆ ಹಕ್ಕಿಗಾಗಿ ಇವರು ಹೊರಡುತ್ತಾರೆ.

ಪೆರ್ಲದ ಕಡೆಯ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ಖಾಸಗಿ ನರ್ಸರಿಯೊಂದರಲ್ಲಿ ಅವರು ತುಂಬ ವರ್ಷ ಆಯಾ ಆಗಿದ್ದರು. ಕ್ಲಾಸಿನಲ್ಲಿ ಟೀಚರ್ ಇರುತ್ತಾರೆ, ಆದರೆ ಮಗುವಿನ ಮೈ ಮುಟ್ಟುವ ಕೆಲಸವೆಲ್ಲ ಆಯಾಗಳದ್ದು. ಚಡ್ಡಿ ಬದಲಿಸುವುದು, ವಾಂತಿ ಬಳಿಯುವುದು, ಟಿಫಿನ್ನಿನ ಮುಚ್ಚಳ ತೆಗೆದುಕೊಡುವುದು, ವ್ಯಾನಿನಿಂದ ಎತ್ತಿ ಇಳಿಸುವುದು. ಯಾವ ಮಗುವಿಗೆ ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತದೆ, ಯಾವ ಮಗು ಅನ್ನ ಬಾಯಲ್ಲಿಟ್ಟುಕೊಂಡೇ ಕೂರುತ್ತದೆ, ಜ್ವರ ಬರುವ ಮೊದಲು ಯಾರು ಮಂಕಾಗುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪೇರೆಂಟ್ಸ್ ಮೀಟಿಂಗಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಚಹಾ ಹಂಚುವುದು ಅವರ ಪಾಲಿಗೆ. ಮಗು ಯಾಕೆ ಊಟ ಮಾಡುತ್ತಿಲ್ಲ ಅಂತ ತಾಯಿ ಕೇಳಿದರೆ ಉತ್ತರ ಗೊತ್ತಿದ್ದವರು ಟ್ರೇ ಹಿಡಿದು ನಿಂತಿರುತ್ತಿದ್ದರು. ಉತ್ತರ ಕೊಡುವವರು ಬೇರೆಯೇ.

ಅಲ್ಲಿ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಬಾರದಿದ್ದರೆ ಸುಮ್ಮನಿರಬೇಕು ಎಂಬ ನಿಯಮ ಇತ್ತಂತೆ. ಮೂರೂವರೆ ವರ್ಷದ ಒಬ್ಬ ಹುಡುಗ. ಮನೆಯಲ್ಲಿ ಬರೀ ತುಳು. ಒಂದಕ್ಕೆ ಹೋಗಬೇಕು ಅಂತ ಕೇಳುವುದು ಹೇಗೆ ಎಂದು ಗೊತ್ತಾಗದೆ ಕಾಲು ಬಿಗಿಹಿಡಿದು ಗೋಡೆಗೆ ಒರಗಿ ನಿಂತಿದ್ದ. ಅಕ್ಕ ತುಳುವಿನಲ್ಲಿ ಕೇಳಿದರು. ಅವನು ಅಳುತ್ತಾ ಅವರ ಸೆರಗು ಹಿಡಿದ. ಸಂಜೆ ಆಫೀಸಿಗೆ ಕರೆಸಿ ನಿಯಮ ನೆನಪಿಸಿದರು. "ನಾನು ಮಾಡಿದ ತಪ್ಪು ಎಂತ ಹೇಳಿ. ಮಗು ಮೂತ್ರ ಕಟ್ಟಿಕೊಂಡು ನಿಂತಿರುವಾಗ ಯಾವ ಭಾಷೆ ಅಂತ ನೋಡುವುದಾ?" ಅಂತ ಅವರು ನನ್ನ ಎದುರು ಕೂತು ಕೇಳಿದರು. ಆ ಘಟನೆ ಹಳೆಯದಾಗಿತ್ತು, ಸಿಟ್ಟು ಹಳೆಯದಾಗಿರಲಿಲ್ಲ. ಅವರ ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ ನಾನು ಸ್ವಉದ್ಯೋಗ ಎಂದು ತುಂಬಿದೆ. ಅಲ್ಲಿ ಅದಕ್ಕಿಂತ ಜಾಸ್ತಿ ಬರೆಯಲು ಜಾಗವೂ ಇಲ್ಲ.

ಆಮೇಲೆ ಒಮ್ಮೆ ಅವರ ಮನೆಗೆ ಹೋದೆ. ಚಾವಡಿಯೇ ಈಗ ಮಕ್ಕಳ ಕೋಣೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ, ಶುರುಮಾಡುವ ಮೊದಲು ಮಾಡಿದ ದೊಡ್ಡ ಖರ್ಚು ಅದೇ. ಅಡಿಕೆ ಒಣಗಿಸುವ ಅಂಗಳಕ್ಕೆ ಹಸಿರು ಬಲೆ ಕಟ್ಟಿ ಬೇರೆ ಮಾಡಿದ್ದಾರೆ. ಇಲ್ಲದಿದ್ದರೆ ಪುಟ್ಟವರು ಹೋಗಿ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಗ್ಗದ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬೈರಾಸುಗಳು, ಅಂದರೆ ಟವೆಲುಗಳು. ಪ್ರತಿಯೊಂದರ ಮೂಲೆಯಲ್ಲಿ ಒಂದೊಂದು ಬಣ್ಣದ ನೂಲಿನ ಹೊಲಿಗೆ. ಕೆಂಪು ಒಬ್ಬನದು, ನೀಲಿ ಒಬ್ಬಳದು, ಹಳದಿ ಇನ್ನೊಬ್ಬಳದು. ಒಬ್ಬರ ನೆಗಡಿ ಇನ್ನೊಬ್ಬರಿಗೆ ಹತ್ತಬಾರದು ಅಂತ. ನರ್ಸರಿಯಲ್ಲಿ ಇದನ್ನು ಮಾಡೋಣ ಅಂತ ಎರಡು ಮೂರು ಸಲ ಹೇಳಿದ್ದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಒಂದು ಸಂಜೆ ಕೂತು ಹೊಲಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಖುಷಿ ನೋಡಬೇಕಿತ್ತು.

ಹನ್ನೊಂದು ಗಂಟೆಗೆ ಒಬ್ಬ ಮಗು ನಿದ್ದೆ ಹೋದ. ಅಲ್ಲಾದರೆ ಎಬ್ಬಿಸಿ ಕೂರಿಸಿ ಎ ಬಿ ಸಿ ಹೇಳಿಸಬೇಕಿತ್ತು. ಇಲ್ಲಿ ಅವನನ್ನು ಚಾಪೆಗೆ ಎತ್ತಿ ಹಾಕಿ, ಎದ್ದ ಮೇಲೆ ರಾಗಿ ಮಣ್ಣಿ ಕೊಟ್ಟರು. ತುಳುವಿನವನಿಗೆ ತುಳು, ಬ್ಯಾರಿ ಮಗುವಿಗೆ ಬ್ಯಾರಿ, ಮಲಯಾಳದವಳಿಗೆ ಮಲಯಾಳ, ಹವ್ಯಕರ ಮನೆಯ ಹುಡುಗಿಗೆ ಅವಳ ಕನ್ನಡ. ಕಾಸರಗೋಡಿನವರಿಗೆ ಇದೇನೂ ಹೊಸತಲ್ಲ, ಸಂತೆಯಲ್ಲಿ ನಿಂತರೆ ನಾವೆಲ್ಲ ಹೀಗೇ ಮಾತಾಡುತ್ತೇವೆ. ಶಾಲೆಯ ಗೇಟು ದಾಟಿದ ಕೂಡಲೇ ಇದು ಅಪರಾಧ ಆಗುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಭಾಷೆಯ ಮಾತು ಬಂದರೆ ನಮ್ಮೂರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಶುರುಮಾಡುತ್ತೇವೆ. ಗಡಿ ವಿವಾದದ ಮಹಾಜನ ವರದಿ, ಅದು ಗಡಿಯಾಗಿ ಸೂಚಿಸಿದ ಚಂದ್ರಗಿರಿ ಹೊಳೆ, ಕನ್ನಡ ಬಾರದ ಅಧ್ಯಾಪಕರ ನೇಮಕ, 2017ರ ಮಲಯಾಳ ಕಡ್ಡಾಯದ ಕಾನೂನು. ಎಲ್ಲವೂ ಬೇಕಾದ ಮಾತೇ. ಆದರೆ ಎಲ್ಲವೂ ಒಂದನೇ ಕ್ಲಾಸಿನ ನಂತರದ ಮಾತು. ಶಾಲೆಗೆ ಸೇರುವ ಮೊದಲೇ ಮಗು ಯಾವ ಭಾಷೆಯಲ್ಲಿ ಅಳುತ್ತದೆ, ಯಾವ ಭಾಷೆಯಲ್ಲಿ ಸಮಾಧಾನ ಪಡೆಯುತ್ತದೆ ಎಂಬುದರ ಬಗ್ಗೆ ಒಂದು ಸಭೆ ನಡೆದದ್ದನ್ನು ನಾನು ಕಂಡಿಲ್ಲ. ಕನ್ನಡ ಶಾಲೆಗೆ ಮಕ್ಕಳೇ ಬರುವುದಿಲ್ಲ ಅಂತ ಕೊರಗುವವರು ಇಂಥ ಒಂದು ಚಾವಡಿಯಲ್ಲಿ ಅರ್ಧ ದಿನ ಕೂತು ನೋಡಬೇಕು. ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವುದೋ ಹೋಗುವುದೋ ಎಂಬುದು ಅಲ್ಲೇ ತೀರ್ಮಾನ ಆಗುತ್ತಿದೆ.

ಇನ್ನು ಇವರ ಹತ್ತಿರ ಮಕ್ಕಳು ಬರುವುದು ಹೇಗೆ ಎಂಬುದು. ಇದಕ್ಕೆ ಜಾಹೀರಾತು ಬೇಕಾಗಿಲ್ಲ. ಕಾನೂನಿನಲ್ಲೇ ಒಂದು ದೊಡ್ಡ ತೂತು ಉಂಟು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅದೂ ಆ ಕಾನೂನಿನ ಅಡಿಗೆ ಬರುವ ಕೆಲವರಿಗೆ. ಅಂದರೆ ಮಗುವಿಗೆ ಹೆಚ್ಚುಕಮ್ಮಿ ಆರು ತಿಂಗಳಾಗುವಾಗ ತಾಯಿ ಕೆಲಸಕ್ಕೆ ಹೋಗಬೇಕು. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗು ಎಲ್ಲಿರಬೇಕು? ಅಂಗನವಾಡಿಯಿಂದ ಆ ವಯಸ್ಸಿನವರಿಗೆ ಅಮೃತಂ ಎಂಬ ಪೌಷ್ಟಿಕ ಪುಡಿಯ ಪ್ಯಾಕೆಟ್ ಸಿಗುತ್ತದೆ, ಹೆಚ್ಚಿನ ಕಡೆ ಮಡಿಲು ಸಿಗುವುದಿಲ್ಲ. ಅಜ್ಜಿ ಇದ್ದ ಮನೆಯವರು ಬಚಾವು. ಈಗ ಅಜ್ಜಿಯಂದಿರೂ ದುಡಿಯುವವರೇ, ಅಡಿಕೆ ಸುಲಿಯಲು ಹೋಗುತ್ತಾರೆ, ಬೀಡಿ ಕಟ್ಟುತ್ತಾರೆ.

ಮೂರು ವರ್ಷ ತುಂಬಿದ ಮೇಲೂ ಹೊತ್ತು ಹೊಂದುವುದಿಲ್ಲ. ಅಂಗನವಾಡಿ ಒಂಬತ್ತೂವರೆಯಿಂದ ಮೂರೂವರೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಸ್ಟೇಷನ್‌ಗಳಲ್ಲಿ ಬೆಳಗ್ಗೆ ನಿಂತು ನೋಡಿ. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ನರ್ಸುಗಳು, ಲ್ಯಾಬಿನವರು, ಅಂಗಡಿಗಳಲ್ಲಿ ನಿಲ್ಲುವ ಹುಡುಗಿಯರು. ಅಂಗನವಾಡಿಯ ಬೀಗ ತೆಗೆಯುವ ಎಷ್ಟೋ ಮೊದಲೇ ಅವರು ಮನೆಯಿಂದ ಹೊರಟಿರುತ್ತಾರೆ. ಮರಳುವಾಗ ಕತ್ತಲಾಗಿರುತ್ತದೆ.

ಮತ್ತೆ ಮಳೆ. ಜೂನ್ ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ರಜೆ ಸಾರುತ್ತಾರೆ, ಅಂಗನವಾಡಿಗೂ ಸೇರಿಸಿ. ಕೆಲವೊಮ್ಮೆ ಸುದ್ದಿ ಬರುವುದು ಹಿಂದಿನ ರಾತ್ರಿ. ಮಕ್ಕಳಿಗೆ ರಜೆ, ಆಸ್ಪತ್ರೆಗೆ ರಜೆ ಇಲ್ಲ. ಆ ರಾತ್ರಿ ತಾಯಂದಿರು ಫೋನ್ ಮಾಡುವುದು ಯಾರಿಗೆ? ಟೀಚರಿಗಲ್ಲ, ಮಗುವಿಗೆ ಪರಿಚಯ ಇರುವ ಆಯಾಗೆ. "ನಾಳೆ ಒಂದು ದಿನ ನಿಮ್ಮಲ್ಲಿ ಬಿಡಲಾ ಅಕ್ಕಾ?" ಎಷ್ಟೋ ಜನರ ವ್ಯವಹಾರ ಶುರುವಾದದ್ದು ಇಂಥ ಒಂದು ಮಳೆಯ ರಾತ್ರಿಯಲ್ಲಿ. ಮೊದಲು ಒಂದು ಮಗು, ಆಮೇಲೆ ಆ ಮಗುವಿನ ತಂಗಿ, ಆಮೇಲೆ ಆ ತಾಯಿಯ ಜೊತೆ ಕೆಲಸ ಮಾಡುವವರ ಮಗು. ನಾನು ಫಾರಂ ತುಂಬುವ ಹೊತ್ತಿಗೆ ಅದಾಗಲೇ ನಡೆಯುತ್ತಿರುವ ಕೆಲಸ ಅದು.

ಕೊರೊನಾ ಕಾಲ ಇದಕ್ಕೆ ಇನ್ನಷ್ಟು ವೇಗ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ನರ್ಸರಿ, ಅಂಗನವಾಡಿಗಳಿಗೆ ಮಕ್ಕಳು ಸರಿಯಾಗಿ ಮರಳುವಾಗ 2022 ಬಂದಿತ್ತು. ತಲಪಾಡಿಯಲ್ಲಿ ಗಡಿಯೇ ಬಂದ್, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಆಯಾಗಳ ಸಂಬಳ ನಿಂತಿತು. ಇತ್ತ ನರ್ಸುಗಳಿಗೆ ಹಿಂದೆಂದಿಗಿಂತ ಜಾಸ್ತಿ ಡ್ಯೂಟಿ. ಕೆಲಸ ಕಳೆದುಕೊಂಡ ಆಯಾ ಒಂದು ಕಡೆ, ಮಗು ಬಿಡಲು ಜಾಗ ಇಲ್ಲದ ತಾಯಿ ಇನ್ನೊಂದು ಕಡೆ. ಅಕ್ಕಪಕ್ಕದ ಮನೆಯವರೇ ಆಗಿದ್ದರೆ ಬೇರೇನು ಬೇಕು ಹೇಳಿ. ಶಾಲೆ ತೆರೆದ ಮೇಲೆ ವಾಪಸ್ ಕರೆದರೂ ಕೆಲವರು ಹೋಗಲಿಲ್ಲ. ಒಮ್ಮೆ ತಾನೇ ನಿರ್ಧಾರ ತೆಗೆದುಕೊಂಡು ಕೆಲಸ ಮಾಡಿದವಳು ಮತ್ತೆ ಟ್ರೇ ಹಿಡಿದು ನಿಲ್ಲುವುದು ಕಷ್ಟ.

ಸ್ವಂತ ಮಗುವಿನ ಕಾರಣಕ್ಕೆ ಶುರುಮಾಡಿದವರೂ ಬಹಳ. ಬೇರೆಯವರ ಮಕ್ಕಳನ್ನು ನೋಡಲು ಹೋಗುವಾಗ ತನ್ನ ಮಗುವನ್ನು ಯಾರಲ್ಲಿ ಬಿಡುವುದು ಎಂಬ ಸಂಕಟ ಬೇರೆ ಯಾವ ಕೆಲಸದಲ್ಲೂ ಇಷ್ಟು ನೇರವಾಗಿ ಎದುರು ಬಂದು ನಿಲ್ಲುವುದಿಲ್ಲ. ಇದು ಇವತ್ತಿನದಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ ಇವನನ್ನು ಹೇಗೆ ಬೆಳೆಸುವುದು ಅಂತ ಯೋಚಿಸುತ್ತಾ ಮಕ್ಕಳ ಶಿಕ್ಷಣದ ಕಡೆ ತಿರುಗಿದರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ರಾಜಕೋಟದ ಟ್ರೇನಿಂಗ್ ಕಾಲೇಜಿನ ದೊಡ್ಡ ಕೆಲಸ ಬಿಟ್ಟು ಅವರ ಜೊತೆ ಸೇರಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬರಲಾಗದಿದ್ದಾಗ ಅವರ ಮನೆಯ ಅಂಗಳಕ್ಕೇ ಪಾಠವನ್ನು ಒಯ್ದರು. ಇವರಿಬ್ಬರದು ವ್ಯಾಪಾರ ಅಲ್ಲ, ಗೊತ್ತು. ಆದರೆ ಮಗುವಿನ ದಿನ ಹೀಗಲ್ಲ, ಬೇರೆ ಥರ ಇರಬೇಕು ಎಂಬ ಹಟ ಅದೇ. ಪೆರ್ಲದ ಅಕ್ಕನಿಗೆ ಈ ಹೆಸರುಗಳು ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ನನಗೆ ನಿಜವಾಗಿ ಸಂಕಟ ಆಗುತ್ತದೆ. ಆರು ಮಕ್ಕಳು, ತಲೆಗೆ ತಿಂಗಳಿಗೆ 2,000 ರೂಪಾಯಿ ಎಂದು ಇಟ್ಟುಕೊಳ್ಳಿ. 12,000 ಬಂತು. ಹಾಲು, ಗ್ಯಾಸ್, ಸಾಬೂನು, ಬಟ್ಟೆ ಒಗೆಯುವುದು, ಕರೆಂಟು ಕಳೆಯಿರಿ. ಎರಡು ವರ್ಷದೊಳಗಿನ ಮಕ್ಕಳಿದ್ದರೆ ಒಬ್ಬಳಿಂದ ಆಗುವುದೇ ಇಲ್ಲ. ಒಬ್ಬನನ್ನು ತೊಳೆಯಲು ಹೋದರೆ ಇನ್ನೊಬ್ಬ ಮೆಟ್ಟಿಲ ಹತ್ತಿರ. ಸಹಾಯಕ್ಕೆ ಇನ್ನೊಬ್ಬರನ್ನು ಇಟ್ಟರೆ ಅವರಿಗೂ ಕೊಡಬೇಕು. ಹನ್ನೆರಡು ಮಕ್ಕಳನ್ನು ಸೇರಿಸಿಕೊಂಡರೆ ಲೆಕ್ಕ ಸರಿಯಾಗುತ್ತದೆ, ಆದರೆ ಯಾವ ಕಾರಣಕ್ಕೆ ನರ್ಸರಿ ಬಿಟ್ಟು ಬಂದರೋ ಅದೇ ಇಲ್ಲೂ ಆಗುತ್ತದೆ. ಫೀಸು ಏರಿಸೋಣ ಅಂದರೆ ಕೊಡುವವಳೂ ಹೆಂಗಸೇ. ಅವಳ ಸಂಬಳದಿಂದಲೇ ಇವಳ ಸಂಬಳ ಬರಬೇಕು. ಮಗುವಿನ ಫೀಸನ್ನು ಗಂಡನ ಸಂಬಳದಿಂದ ಲೆಕ್ಕ ಹಾಕುವವರು ನಮ್ಮಲ್ಲಿ ಕಡಿಮೆ. "ನನ್ನ ಸಂಬಳದಲ್ಲಿ ಡೇ ಕೇರಿಗೆ ಹೋಗಿ ಉಳಿಯುವುದು ಎಷ್ಟು" ಅಂತಲೇ ಎಲ್ಲರೂ ಕೇಳುತ್ತಾರೆ. ಮಗು ಇಬ್ಬರದೂ ಅಲ್ವಾ?

ಮಾಲೀಕರು ಕೊಡಲಿ ಎಂದರೆ ಕಾನೂನು ಇದೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೋಣೆ ಇರಬೇಕು ಎಂದಿತ್ತು. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆಲ್ಲ ಅದನ್ನು ತಂದಿತು. ನಮ್ಮ ಕಡೆ ಬೀಡಿ ಕಟ್ಟುವುದು ಮನೆಯ ಜಗಲಿಯಲ್ಲಿ. ಅಡಿಕೆ ಸುಲಿಯುವುದು ಯಾರದೋ ಅಂಗಳದಲ್ಲಿ. ಅಂಗಡಿಯಲ್ಲಿ ಇರುವುದು ನಾಲ್ಕೋ ಆರೋ ಜನ. ಆ ಕಾನೂನಿನ ನೆರಳು ಇಲ್ಲಿವರೆಗೆ ಚಾಚುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಈ ವಿಷಯದಲ್ಲಿ ಒಳ್ಳೆಯದೊಂದನ್ನು ಬರೆದಿತ್ತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಜಾಸ್ತಿ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಉಳಿದವರಷ್ಟೇ ಕೂಲಿ ಕೊಡಬೇಕು ಅಂತ. ಮಣ್ಣು ಹೊರುವುದಕ್ಕೂ ಮಗು ಹೊರುವುದಕ್ಕೂ ಒಂದೇ ಕೂಲಿ. ಆ ಒಂದು ಸಾಲು ನನಗೆ ಬಹಳ ಇಷ್ಟ.

ಉದ್ಯಮ್ ಫಾರಂ ತುಂಬುವಾಗ ಯಾವ ವ್ಯವಹಾರ ಎಂದು ಪಟ್ಟಿಯಿಂದ ಆರಿಸಬೇಕು. ನರ್ಸರಿ ಆದರೆ ಶಿಕ್ಷಣದ ಕೆಳಗೆ ಸಿಗುತ್ತದೆ. ಪುಟ್ಟ ಮಕ್ಕಳ ಹಗಲಿನ ಪಾಲನೆ ಮಾತ್ರ ಇರುವುದು ಸಮಾಜ ಸೇವೆಯ ಗುಂಪಿನಲ್ಲಿ. ಅದನ್ನು ಒತ್ತುವಾಗ ನನಗೆ ಪ್ರತಿ ಸಲವೂ ಕೈ ತಡೆಯುತ್ತದೆ. ಮಗುವನ್ನು ಮಲಗಿಸುವುದು, ಉಣಿಸುವುದು, ಬೀಳದಂತೆ ಕಾಯುವುದು ಸೇವೆ. ಅದೇ ಮಗುವಿಗೆ ಬಣ್ಣದ ಹೆಸರು ಹೇಳಿಕೊಟ್ಟರೆ ಶಿಕ್ಷಣ. ಒಬ್ಬಳೇ ಹೆಂಗಸು ಎರಡನ್ನೂ ಒಂದೇ ಗಂಟೆಯೊಳಗೆ ಮಾಡುತ್ತಿರುತ್ತಾಳೆ.

ನೋಂದಣಿಗೆ ಸರ್ಕಾರಕ್ಕೆ ದುಡ್ಡು ಕಟ್ಟಬೇಕಾಗಿಲ್ಲ, ಅದು ಉಚಿತ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಾಲ ಉಂಟು. ಆದರೆ ಹೆಚ್ಚಿನವರು ಬ್ಯಾಂಕಿಗೆ ಹೋಗುವುದಿಲ್ಲ. ನೆರೆಹೊರೆಯ ಹೆಂಗಸರ ಉಳಿತಾಯ ಗುಂಪಾದ ಅಯಲ್ಕೂಟದಿಂದಲೇ ತೆಗೆಯುತ್ತಾರೆ. 1998ರಲ್ಲಿ ಶುರುವಾದ, ಹೆಂಗಸರಿಗಾಗಿ ಕೇರಳ ಸರ್ಕಾರ ನಡೆಸುವ ಕುಡುಂಬಶ್ರೀ ಯೋಜನೆಯ ಬೇರು ಇರುವುದು ಈ ಹತ್ತು ಇಪ್ಪತ್ತು ಹೆಂಗಸರ ಅಯಲ್ಕೂಟಗಳಲ್ಲಿ. ವಾರ ವಾರ ಕೂಡಿಟ್ಟ ದುಡ್ಡಿನಿಂದ ಅವರೊಳಗೇ ಸಾಲ. ಬಾವಿಯ ಜಾಲರಿ, ಚಾಪೆ, ಪುಟ್ಟ ಫ್ರಿಜ್ಜು ಬಂದದ್ದು ಅಲ್ಲಿಂದ. ಸಾಲ ಕೊಟ್ಟ ಅದೇ ಹೆಂಗಸರು ಮರುದಿನ ಮಗುವನ್ನೂ ತಂದು ಬಿಡುತ್ತಾರೆ. ಇಷ್ಟು ಭದ್ರವಾದ ಗ್ಯಾರಂಟಿ ಬ್ಯಾಂಕಿಗೆ ಎಲ್ಲಿ ಸಿಗಬೇಕು?

ನಿಲ್ಲಿಸಿದವರೂ ಇದ್ದಾರೆ. ಒಬ್ಬರ ಗಂಡನಿಗೆ ಮಧ್ಯಾಹ್ನ ಮಲಗಲು ಜಾಗ ಇಲ್ಲ ಅಂತ ಜಗಳ. ಇನ್ನೊಬ್ಬರಲ್ಲಿ ಮಗು ಮೆಟ್ಟಿಲಿನಿಂದ ಬಿದ್ದು ಹಣೆಗೆ ಹೊಲಿಗೆ ಬಿತ್ತು. ದೊಡ್ಡದೇನೂ ಆಗಲಿಲ್ಲ, ಆದರೆ ಆ ತಿಂಗಳೇ ಎಲ್ಲರೂ ಮಕ್ಕಳನ್ನು ತೆಗೆದುಕೊಂಡು ಹೋದರು. ದೊಡ್ಡ ನರ್ಸರಿಯಲ್ಲಿ ಬಿದ್ದರೆ ಬಿದ್ದದ್ದು ಮಗು. ಮನೆಯಲ್ಲಿ ಬಿದ್ದರೆ ಹೋಗುವುದು ನೋಡಿಕೊಳ್ಳುವವಳ ಹೆಸರು. ಈ ಹೆದರಿಕೆಯನ್ನು ಇವರು ದಿನವಿಡೀ ಮೈಮೇಲೆ ಹೊತ್ತುಕೊಂಡೇ ಇರುತ್ತಾರೆ.

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಎಣ್ಮಕಜೆ, ಬೆಳ್ಳೂರು ಕಡೆಯ ತಾಯಂದಿರನ್ನು ಇಲ್ಲಿ ಬಿಡಲಾರೆ. ಮಗುವಿಗೆ ಹನ್ನೆರಡೋ ಹದಿನೈದೋ ಆದರೂ ಎತ್ತಿಯೇ ಸ್ನಾನ ಮಾಡಿಸಬೇಕು. ಅಂಥ ಮಕ್ಕಳನ್ನು ಯಾವ ಪ್ಲೇ ಸ್ಕೂಲೂ ತೆಗೆದುಕೊಳ್ಳುವುದಿಲ್ಲ. ಇಂಥ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗಳು ಬಂದದ್ದು ದೊಡ್ಡ ಉಪಕಾರ. ಹಾಗಿದ್ದೂ ಸಂಜೆ, ರಜಾದಿನ, ತಾಯಿಗೇ ಜ್ವರ ಬಂದ ದಿನ ಏನು ಮಾಡುವುದು? "ಅಂಥ ಒಂದೆರಡು ಮಕ್ಕಳನ್ನು ನಾನು ನೋಡಿಕೊಳ್ಳಬಲ್ಲೆ, ನನಗೆ ಎತ್ತಿ ಗೊತ್ತು" ಎಂದು ಒಬ್ಬಳು ಕೇಳಿಕೊಂಡು ಬಂದಿದ್ದಳು. ಅವಳು ಬೆಳೆದದ್ದೇ ಅಂಥ ತಮ್ಮನ ಜೊತೆ. ಯಾವ ಯೋಜನೆಯ ಕೆಳಗೆ ಹಾಕಲಿ ಅಂತ ಹುಡುಕಿದೆ. ಅವಳು ಹೇಳಿದ ಕೆಲಸಕ್ಕೆ ಸರಿಹೊಂದುವಂಥದ್ದು ನನಗೆ ಸಿಗಲಿಲ್ಲ.

ನನ್ನ ತಲೆಯಲ್ಲಿ ಆಗಾಗ ಒಂದು ಹೋಲಿಕೆ ಸುಳಿಯುತ್ತದೆ. ಅಮೃತಂ ಪುಡಿ ಮಾಡುವ ವಿಧಾನ ಬಂದದ್ದು ನಮ್ಮ ಕೂಡ್ಲಿನಲ್ಲಿರುವ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಿಂದ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ಹುರಿದು ಪುಡಿಮಾಡಿ ಪ್ಯಾಕ್ ಮಾಡುವುದು ಕುಡುಂಬಶ್ರೀಯ ಹೆಂಗಸರ ಘಟಕಗಳು, ಕೇರಳದಲ್ಲಿ ಈಗ ಇನ್ನೂರಕ್ಕೂ ಜಾಸ್ತಿ ಇವೆ. ಅವು ಗಟ್ಟಿಯಾಗಿ ನೆಲೆನಿಂತದ್ದು ಯಾಕೆ? ಮಾಡಿದ್ದನ್ನು ಕೊಳ್ಳಲು ಐಸಿಡಿಎಸ್ ಇದೆ ಎಂಬ ಧೈರ್ಯದಿಂದ. ತಾಯಿಯ ಪರ್ಸಿಗೆ ಕೈ ಹಾಕಬೇಕಾಗಿಲ್ಲ. ಮಗು ತಿನ್ನುವ ಪುಡಿಗೆ ಮಾಡಿದ್ದನ್ನು ಮಗುವನ್ನು ನೋಡಿಕೊಳ್ಳುವ ಕೈಗೆ ಯಾಕೆ ಮಾಡಬಾರದು? ಪಂಚಾಯತು ಜಾಗ ಕೊಡಲಿ, ಪ್ರತಿ ಮಗುವಿಗೆ ಇಷ್ಟು ಅಂತ ಒಂದು ಪಾಲು ಹಾಕಲಿ, ಉಳಿದದ್ದನ್ನು ತಾಯಿ ಕೊಡಲಿ. ನಡೆಸುವುದು ಹೇಗೆ ಎಂಬುದನ್ನು ಆ ಹೆಂಗಸರಿಗೇ ಬಿಡಲಿ. ಅಹಮದಾಬಾದಿನಲ್ಲಿ ಇಳಾ ಭಟ್ಟರು ಕಟ್ಟಿದ, ದುಡಿಯುವ ಹೆಂಗಸರ ಸಂಘ 'ಸೇವಾ'ದ ಹೆಂಗಸರು ಸಂಗಿನಿ ಎಂಬ ಸಹಕಾರಿ ಸಂಘ ಕಟ್ಟಿ ಶಿಶುಪಾಲನಾ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಮಗು ನೋಡಿಕೊಳ್ಳುವವರೇ ಅಲ್ಲಿ ಸದಸ್ಯರು, ಮಾಲೀಕರು. ಹಾಲಿಗೆ ಸೊಸೈಟಿ, ಅಡಿಕೆಗೆ ಕ್ಯಾಂಪ್ಕೊ ಕಟ್ಟಿದ ನಮ್ಮ ಊರುಗಳಲ್ಲಿ ಇದಕ್ಕೊಂದು ಸಂಘ ಆಗುವುದು ಅಸಾಧ್ಯದ ಮಾತೇನಲ್ಲ.

ಈ ತಿಂಗಳು ಇಬ್ಬರು ಒಟ್ಟಿಗೆ ಬಂದಿದ್ದರು. ಒಬ್ಬರು ಎಲ್‌ಕೆಜಿ ಟೀಚರ್ ಆಗಿದ್ದವರು, ಇನ್ನೊಬ್ಬರು ಅದೇ ಶಾಲೆಯ ಆಯಾ. ಕೇಂದ್ರ ಇಬ್ಬರ ಹೆಸರಲ್ಲೂ ಇರಬೇಕು, ಆದಾಯ ಅರ್ಧ ಅರ್ಧ ಅಂತ ಟೀಚರೇ ಬಲವಂತ ಮಾಡಿದರು. ಬೆಳಗ್ಗೆ ರೈಲಿಗೆ ಹೋಗುವ ತಾಯಂದಿರಿಗಾಗಿ ಆರೂವರೆಗೇ ಬಾಗಿಲು ತೆಗೆಯುವ ಯೋಚನೆ. ಮಕ್ಕಳು ಎಂಟಕ್ಕಿಂತ ಜಾಸ್ತಿ ಬೇಡ ಅಂತ ಇಬ್ಬರೂ ತೀರ್ಮಾನಿಸಿದ್ದಾರೆ. ಕಾಗದಪತ್ರ ಹೆಚ್ಚುಕಮ್ಮಿ ಆಯಿತು, ಮನೆ ಸಿಕ್ಕಿಲ್ಲ. ಕುಂಬಳೆ ರೈಲ್ವೆ ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ, ನೆಲಮಾಳಿಗೆ ಅಲ್ಲದ ಕೆಳಗಿನ ಮಹಡಿ, ಬಾವಿಗೆ ಜಾಲರಿ ಇರುವ ಅಥವಾ ಹಾಕಲು ಒಪ್ಪುವ ಮನೆ ಬೇಕಂತೆ. ಮಕ್ಕಳ ಗಲಾಟೆ ಸಹಿಸುವ ಮಾಲೀಕರು ನಿಮ್ಮ ಗೊತ್ತಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.